ಸವೆದ ಕೊಂಡಿಯನ್ನು ಕಳಚಲು ಅಪ್ಪಣೆ ಕೊಡಿ

ಸಣ್ಣ ಘಟಕಗಳ ರಫ್ತು ಅನುಕೂಲ ಕೇಂದ್ರದ ಮಾನ್ಯ ಅಧಿಕಾರಿಗಳೇ,

ನನ್ನನ್ನು ನನ್ನ ಕಂಪನಿಯಿಂದ ಹೊರಹಾಕಬೇಕೆಂದು ನಾನೇ ತಮ್ಮಲ್ಲಿ ಅರ್ಜಿ ಸಲ್ಲಿಸಿ ಇಂದಿಗೆ ಮೂವತ್ತೇಳು ದಿನಗಳಾದವು. ತಮ್ಮ ಕಚೇರಿ ಇನ್ನೂ ಒಪ್ಪಿಲ್ಲ. ಪೀಠ ಬಿಡಲೊಲ್ಲದವರನ್ನು ಎಬ್ಬಿಸಿರೆಂದು ಲೋಕವೆಲ್ಲ ಮೊರೆಯಿಡುವುದನ್ನು ಕೇಳಿದ್ದೇನೆ. ತಾನಾಗಿ ಎದ್ದು ನಿಂತವನನ್ನು ಭುಜ ಹಿಡಿದು ಮತ್ತೆ ಕುಳ್ಳಿರಿಸುವ ಕಚೇರಿಯನ್ನು ಕಾಣಲು ಎಪ್ಪತ್ತೊಂದು ವರ್ಷ ಬದುಕಬೇಕಾಯಿತು.

ಸಂಗತಿ ಇಷ್ಟು. ತಿರುಪ್ಪೂರಿನ ನಮ್ಮ ಬನಿಯನ್ ಕಂಪನಿಯಲ್ಲಿ ನಲವತ್ತಾರು ಜನ ದುಡಿಯುತ್ತಾರೆ. ಒಂದು ಇಡೀ ಕಂಟೈನರನ್ನು ತುಂಬುವಷ್ಟು ಸರಕು ನಮ್ಮಂಥವರಲ್ಲಿ ಎಂದೂ ಇರುವುದಿಲ್ಲವಾದ್ದರಿಂದ, ತಮ್ಮ ಕೇಂದ್ರ ಹಂಚಿಕೊಡುವ ಕೂಡು ಕಂಟೈನರಿನ ಮೂಲೆಯೇ ನಮ್ಮ ಪಾಲಿನ ಸಮುದ್ರದ್ವಾರ. ಎರಡು ಬಾರಿ ತಡಮಾಡಿದೆನೆಂದು ಪರವಾನಗಿಯಲ್ಲಿರುವ ನನ್ನ ಹೆಸರಿಗೆ ತಾವು ಒಂದು ವರ್ಷದ ತಡೆ ಹಾಕಿದ್ದೀರಿ. ಆ ತಡೆ ವ್ಯಕ್ತಿಗೇ ಹೊರತು ಘಟಕಕ್ಕಲ್ಲವೆಂದೂ, ಹೆಸರು ಬದಲಾದರೆ ಘಟಕ ಮುಂದುವರಿಯಬಹುದೆಂದೂ ತಮ್ಮ ನಿಯಮವೇ ಹೇಳುತ್ತದೆ. ಅದನ್ನು ನಂಬಿ, ನನ್ನ ಹೆಸರು ತೆಗೆದು ನಮ್ಮ ತಪಾಸಣೆ ವಿಭಾಗದ ಮುಖ್ಯಸ್ಥೆ ತುಳಸಿಮಣಿಯ ಹೆಸರು ಬರೆಯಿರೆಂದು ಕೇಳಿದೆ. ಹದಿನೆಂಟು ಸಾವಿರ ಕೂಸಿನ ಅಂಗಿಗಳು ಪೆಟ್ಟಿಗೆ ಸೇರುತ್ತಿವೆ. ನಮ್ಮ ತಮಿಳು ಲೆಕ್ಕದ ಮಾಸಿ ತಿಂಗಳ ಇಪ್ಪತ್ತೆಂಟಕ್ಕೆ ಕೂಡು ಕಂಟೈನರಿನ ಬಾಗಿಲು ಮುಚ್ಚುತ್ತದೆ. ಅಷ್ಟರೊಳಗೆ ತಮ್ಮ ರುಜು ಬೀಳದಿದ್ದರೆ, ಇದೇ ಕೊನೆಯ ಅವಕಾಶವೆಂದು ಬರೆದಿರುವ ಕೊಳ್ಳುವವರು ಕೈಬಿಡುತ್ತಾರೆ, ಕಂಪನಿಯ ಬಾಗಿಲೂ ಮುಚ್ಚುತ್ತದೆ.

ತಡೆ ಅನ್ಯಾಯವೆಂದು ನಾನು ವಾದಿಸುತ್ತಿಲ್ಲ. ಅನ್ಯಾಯವೆನ್ನಲು ನನಗೂ ಬಲು ಆಸೆಯಿತ್ತು. ಆದರೆ ಚೆನ್ನಿಮಲೆಯ ಮುರುಗನ ಮುಂದೆ ದಿನಕ್ಕೆರಡು ಬಾರಿ ಕೈಮುಗಿಯುವವನಿಗೆ ಸುಳ್ಳಾಡುವ ಸೌಕರ್ಯ ಕಡಿಮೆ. ಎರಡು ತಡಗಳೂ ನನ್ನವೇ. ಅವುಗಳ ವೃತ್ತಾಂತವನ್ನು ತಮ್ಮ ಕಡತದಲ್ಲಿ ‘ಘಟಕದ ಆಂತರಿಕ ಕಾರಣ’ ಎಂಬ ಮೂರು ಪದಗಳಲ್ಲಿ ಮುಗಿಸಿದ್ದಾರೆ. ಅಷ್ಟು ಮರ್ಯಾದೆಗೆ ನಾನು ಪಾತ್ರನಲ್ಲ.

ಮೊದಲನೆಯದು ಆಡಿ ತಿಂಗಳಿನದು. ಸರಕು ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆ ಗಾಡಿಯಲ್ಲಿತ್ತು, ಚಾಲಕ ಚಹಾ ಕುಡಿದು ಸಿದ್ಧನಾಗಿದ್ದ. ನಾನು ಪಂಚಾಂಗ ತೆರೆದೆ. ಅಂದು ಅಷ್ಟಮಿ. ಮರುದಿನ ನವಮಿ. ಈ ಎರಡು ತಿಥಿಗಳಲ್ಲಿ ನಮ್ಮ ಮನೆಯಿಂದ ಸೂಜಿಯೂ ಹೊರಗೆ ಹೋದದ್ದಿಲ್ಲವೆಂದು ಗಾಡಿಯನ್ನು ಎರಡು ದಿನ ಬೇವಿನ ಮರದಡಿ ನಿಲ್ಲಿಸಿದೆ. ದಶಮಿಯ ದಿನ ರಾಹುಕಾಲ ಕಳೆದು, ಚಕ್ರಗಳಡಿ ನಿಂಬೆಹಣ್ಣಿಟ್ಟು, ಕರ್ಪೂರ ಬೆಳಗಿ, ಸಕಲ ಮರ್ಯಾದೆಗಳೊಂದಿಗೆ ಬೀಳ್ಕೊಟ್ಟೆ. ಅಂಥ ಶುಭಮುಹೂರ್ತದಲ್ಲಿ ಹೊರಟ ಸರಕು ಅತ್ಯಂತ ಶುಭವಾಗಿ ಹಡಗನ್ನು ತಪ್ಪಿಸಿಕೊಂಡಿತು. ತುಳಸಿಮಣಿ ಅಂದು ಹೇಳಿದ ಮಾತು ಒಂದೇ.

“ತೂತ್ತುಕುಡಿ ಬಂದರಿಗೂ ಒಂದು ಪಂಚಾಂಗ ಕಳಿಸ್ಬೇಕಿತ್ತು ಅಯ್ಯಾ. ಪಾಪ, ಆ ಹಡಗಿನವ್ರಿಗೆ ಅಷ್ಟಮಿ ಗೊತ್ತಿಲ್ಲ.”

ಎರಡನೆಯದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಬಟ್ಟೆಗೆ ಯಾವ ಬಣ್ಣ ಬೇಕೆಂದು ಕೊಳ್ಳುವವರು ಒಂದು ಮಾದರಿ ತುಂಡನ್ನು ಒಪ್ಪಿ ಕಳುಹಿಸುತ್ತಾರೆ. ಅದನ್ನು ಎರಡಾಗಿ ಕತ್ತರಿಸಿ ಒಂದನ್ನು ತಪಾಸಣೆಯ ಕಡತದಲ್ಲಿಟ್ಟು ಇನ್ನೊಂದನ್ನು ಬಣ್ಣದ ಮನೆಗೆ ಕಳುಹಿಸುವುದು ನಮ್ಮ ಪದ್ಧತಿ. ಪ್ರತಿ ಹೊಸ ಆರ್ಡರಿನಲ್ಲೂ ಬಣ್ಣದ ಮನೆಗೆ ಹೋಗುವ ತುಂಡನ್ನು ಮೊದಲು ಒಂದು ದಿನ ಪೂಜಾಮಂದಿರದಲ್ಲಿಡುವುದು ನನ್ನ ಪದ್ಧತಿ. ಆ ಬಾರಿ ಸ್ಕಂದ ಷಷ್ಠಿಯ ವ್ರತ ಬಂದಿತ್ತು. ಆರು ದಿನ ಉಪವಾಸ, ಆರು ದಿನ ಸಾಂಬ್ರಾಣಿ, ಆರು ದಿನ ಕರ್ಪೂರ. ನವಜಾತ ಶಿಶುವಿನ ಅಂಗಿಗೆಂದು ದೂರದೇಶದ ಮಹಿಳೆಯೊಬ್ಬರು ಆರಿಸಿದ ಎಳೆನೀಲಿಯ ತುಂಡು ಆರು ದಿನವೂ ಸ್ವಾಮಿಯ ಪಾದದಲ್ಲಿ ಹೊಗೆ ಕುಡಿಯುತ್ತ, ಅರಿಸಿನದ ನೀರು ಸಿಂಪಡಿಸಿಕೊಳ್ಳುತ್ತ, ಕುಂಕುಮದ ಬೊಟ್ಟು ಧರಿಸಿ ಕುಳಿತಿತು. ಪಾರಣೆ ಮುಗಿಸಿ ಅದನ್ನು ನೇರವಾಗಿ ಬಣ್ಣದ ಮನೆಗೆ ಕಳುಹಿಸಿದೆ. ದೇವರೇ ನೋಡಿಯಾದ ಮೇಲೆ ತುಳಸಿಮಣಿ ನೋಡುವುದೇನಿದೆ?

ಡೈಯಿಂಗ್ ಮಾಸ್ಟರ್ ಕದಿರ್ವೇಲು ನನಗೆ ದೂರದ ಸಂಬಂಧಿ. ಕೊಟ್ಟ ತುಂಡಿನಿಂದ ಎಳೆಯಷ್ಟೂ ಆಚೀಚೆ ಹೋಗದ ಕಸುಬುದಾರ. ಆತ ಫೋನಿನಲ್ಲಿ ಕೇಳಿದ್ದ.

“ಮಾಮಾ, ಬಣ್ಣ ಹಿಡಿದುಬಿಟ್ಟೆ. ಸ್ವಲ್ಪ ಹಸಿರು ಹೊಡೀತದೆ, ಹಿಂಗೇ ಬೇಕಾ?”

“ತುಂಡಲ್ಲಿ ಹೆಂಗಿದ್ಯೋ ಹಂಗೇ ಮಾಡಪ್ಪ. ಅದರ ಮೇಲೆ ನಿನ್ನ ಬುದ್ಧಿ ಓಡಿಸ್ಬೇಡ.”

“ಸರಿ ಮಾಮಾ. ಮಧ್ಯದಲ್ಲಿ ಒಂದು ಕೆಂಪು ಚುಕ್ಕಿ ಇದೆ. ಅದೂ ಹಾಕ್ಬೇಕಾ, ಅದು ಬೇಡ್ವಾ?”

ಆಗಲಾದರೂ ನನಗೆ ಎಚ್ಚರವಾಗಬೇಕಿತ್ತು. “ಅದು ಪ್ರಸಾದ ಕಣೋ, ಕಣ್ಣಿಗೊತ್ಕೊ” ಎಂದು ಫೋನಿಟ್ಟೆ.

ಹನ್ನೆರಡು ಸಾವಿರ ಅಂಗಿಗಳ ಬಟ್ಟೆ ಬಂದು, ಕತ್ತರಿಸಿ, ಹೊಲಿಗೆ ಶುರುವಾಯಿತು. ಕತ್ತುಪಟ್ಟಿಯ ಬಟ್ಟೆ ಮಾತ್ರ ಬೇರೆ ಕಡೆ ಬಣ್ಣವಾಗಿ ಬಂದಿತ್ತು, ಕಡತದಲ್ಲಿದ್ದ ಇನ್ನೊಂದು ತುಂಡಿಗೆ ಹೊಂದಿಸಿ. ತುಳಸಿಮಣಿ ಮೊದಲ ಅಂಗಿಯನ್ನು ಬಣ್ಣ ಹೋಲಿಸುವ ದೀಪದ ಪೆಟ್ಟಿಗೆಯ ಕೆಳಗೆ ಹಿಡಿದಳು. ಕತ್ತು ಆಕಾಶ; ಮೈ ಮಾತ್ರ ಹುಣಸೆಹುಳಿ ಹಾಕಿ ಉಜ್ಜದೆ ಬಿಟ್ಟು ಹಸಿರುಗಟ್ಟಿದ ತಾಮ್ರದ ಚೆಂಬಿನ ಅಡಿ. ಅಂಗಿಯನ್ನು ನನ್ನ ಮೇಜಿನ ಮೇಲಿಟ್ಟು, ಮೂಸಿ ನೋಡಲು ಹೇಳಿದಳು. ಮೂಸಿದೆ. ಬಣ್ಣದ ಮನೆಯ ವಾಸನೆಯಷ್ಟೆ.

“ಇದ್ರಲ್ಲಿ ಬರಲ್ಲ ಅಯ್ಯಾ,” ಎಂದು ಬಣ್ಣದ ಮನೆಯಿಂದ ತರಿಸಿದ ಮಾದರಿ ತುಂಡನ್ನು ನೀಡಿದಳು. “ಇದನ್ನ ಮೂಸಿ.”

ಸಾಂಬ್ರಾಣಿ ಘಮ್ಮೆಂದಿತು. ಮೂವತ್ತು ಜನ ಹೊಲಿಗೆ ಯಂತ್ರ ನಿಲ್ಲಿಸಿ ನೋಡುತ್ತಿದ್ದರು. ಯಾರೋ ಹಿಂದಿನ ಸಾಲಿನಿಂದ, “ಕೂಸಿಗೆ ದೃಷ್ಟಿ ಆಗಲ್ಲ ಬಿಡಿ,” ಎಂದರು. ನಕ್ಕವರಲ್ಲಿ ನನ್ನ ಪತ್ನಿ ವಳ್ಳಿನಾಯಕಿಯೂ ಇದ್ದಳು, ಊಟದ ಬುತ್ತಿ ತಂದವಳು ಅದನ್ನು ಅಲ್ಲೇ ಇಟ್ಟು, “ಏನೂಂದ್ರೆ, ಮುರುಗನಿಗೆ ಹೊಲ ಗದ್ದೆ ಕಾಯೋದು ಗೊತ್ತು. ಬಣ್ಣದ ಕೆಲಸ ಯಾಕೆ ಹಚ್ಚಿದ್ರಿ?” ಎಂದು ಕೇಳಿ ಹೋದಳು. ಐವತ್ತು ವರ್ಷ ಓದಿದ ಶಾಸ್ತ್ರಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದ್ದೇನೆ. ಮಾದರಿಯನ್ನು ದೇವರ ಮುಂದಿಟ್ಟದ್ದು ತಪ್ಪೆಂದು ಇಂದಿಗೂ ಅನ್ನಲಾರೆ. ದೇವರ ಮುಂದಿಟ್ಟೆನೆಂಬ ಧೈರ್ಯದಲ್ಲಿ ಮನುಷ್ಯರ ಕಣ್ಣಿಗೆ ತೋರಿಸದೆ ಬಿಟ್ಟದ್ದು ತಪ್ಪು. ಭಕ್ತಿಯ ವೇಷದಲ್ಲಿದ್ದುದು ನನ್ನ ಸೋಮಾರಿತನ. ಸಾಂಬ್ರಾಣಿಯ ಹೊಗೆಯಲ್ಲಿ ಅದರ ಮುಖ ಕಂಡಿರಲಿಲ್ಲ.

ಮರುಬಣ್ಣಕ್ಕೆ ಹನ್ನೊಂದು ದಿನ ಹಿಡಿಯಿತು. ಹಡಗು ಹೋಯಿತು. ತಡೆ ಬಂತು. ಇಷ್ಟರವರೆಗೆ ತಮ್ಮ ತಪ್ಪೇನೂ ಇಲ್ಲ. ಇನ್ನು ಮುಂದೆ ತಪ್ಪಿನಲ್ಲಿ ತಮ್ಮ ಪಾಲುದಾರಿಕೆ ಆರಂಭವಾಗುತ್ತದೆ.

‘ಸರಬರಾಜು ಸರಪಳಿಯ ದಕ್ಷತೆ ಮತ್ತು ಸ್ಪರ್ಧಾಸಾಮರ್ಥ್ಯ’ ಎಂಬ ವಿಷಯದ ಮೇಲೆ ಕಲ್ಯಾಣಮಂಟಪದಲ್ಲಿ ತಾವು ಉಪನ್ಯಾಸ ಮಾಡಿದ್ದು ತಮಗೆ ನೆನಪಿರಬಹುದು. ಹತ್ತಕ್ಕೆಂದು ಕರೆದದ್ದು, ದೀಪ ಬೆಳಗಿದ್ದು ಹನ್ನೊಂದೂವರೆಗೆ. ಬತ್ತಿಯಿತ್ತು, ಎಣ್ಣೆಯಿತ್ತು, ಬೆಂಕಿಪೊಟ್ಟಣಕ್ಕೆ ಯಾರು ಹೊಣೆಯೆಂಬುದು ತೀರ್ಮಾನವಾಗಿರಲಿಲ್ಲ. ನಗುವ ಅಧಿಕಾರ ನನಗಿಲ್ಲ. ಅಂದಿನ ವಂದನಾರ್ಪಣೆ ನನ್ನದು; ಹಳೆಯ ಸ್ತುತಿಗಳನ್ನು ರಾಗವಾಗಿ ಹಾಡುತ್ತ ನಲವತ್ತು ನಿಮಿಷ ತೆಗೆದುಕೊಂಡೆ. ಇನ್ನೂರು ಮಾಲೀಕರ ಒಂದು ಕೆಲಸದ ದಿನವನ್ನು ತಾವೂ ನಾನೂ ಸೇರಿ ದಕ್ಷತೆಗೆ ನೈವೇದ್ಯ ಮಾಡಿದೆವು. ಆದರೂ ಒಂದು ಮಾತು ನನ್ನಲ್ಲಿ ನಾಟಿತು. “ನಿಮ್ಮ ಸರಪಳಿಯಲ್ಲಿ ಸವೆದ ಕೊಂಡಿ ಯಾವುದೆಂದು ಮೊದಲು ಹುಡುಕಿ, ಅದನ್ನು ಕಳಚಿ,” ಎಂದಿರಿ.

ಹುಡುಕಿದೆ. ನಮ್ಮ ಊರಲ್ಲಿ ಬಟ್ಟೆ ಒಂದೇ ಸೂರಿನಡಿ ಹುಟ್ಟಿ ಬೆಳೆಯುವುದಿಲ್ಲವಷ್ಟೆ. ಒಂದು ಬೀದಿಯಲ್ಲಿ ಹೆಣಿಗೆ, ಇನ್ನೊಂದರಲ್ಲಿ ಬಣ್ಣ, ಮತ್ತೊಂದರಲ್ಲಿ ಮುದ್ರಣ. ಬೀದಿಯಿಂದ ಬೀದಿಗೆ ಮೂರು ಚಕ್ರದ ಗಾಡಿಗಳಲ್ಲಿ ಮದುವೆ ಹೆಣ್ಣಿನಂತೆ ತಿರುಗುತ್ತದೆ. ಹಳೆಯ ಕಡತಗಳಲ್ಲಿ ಹಿಂದಿನ ಆರ್ಡರಿನ ಒಂದು ಅಂಗಿಯ ಬೆನ್ನುಹತ್ತಿ, ನೂಲು ಬಂದಂದಿನಿಂದ ಪೆಟ್ಟಿಗೆ ಸೇರುವವರೆಗೆ ಬರೆದಿಟ್ಟೆ. ಐವತ್ತನಾಲ್ಕು ದಿನಗಳಲ್ಲಿ ಮನುಷ್ಯನ ಕೈಯೋ ಯಂತ್ರವೋ ಅದನ್ನು ಮುಟ್ಟಿದ್ದು ಹದಿಮೂರು ದಿನ. ಉಳಿದ ದಿನಗಳೆಲ್ಲ ಅದು ಕಾದಿತ್ತು. ಬಣ್ಣದ ಮನೆಯ ಸರದಿಗೆ ಕಾದಿತು, ಮಳೆ ಬಂದು ಗಾಡಿ ಸಿಗದೆ ಕಾದಿತು, ತಮ್ಮ ಕೇಂದ್ರದ ಮುದ್ರೆಗೆ ಆರು ದಿನ ಕಾದಿತು. ಎಲ್ಲಕ್ಕಿಂತ ಹೆಚ್ಚು ಕಾದಿದ್ದು ನನ್ನ ಮೇಜಿನ ಮೇಲೆ: ಒಂಬತ್ತು ದಿನ. ಒಳ್ಳೆಯ ಹೊತ್ತು ನೋಡಿ ಒಪ್ಪಿಗೆ ಹಾಕೋಣವೆಂದು! ನೆರೆದೇಶಗಳವರು ನಮಗಿಂತ ಬೇಗ ತಲುಪಿಸುತ್ತಾರೆಂದು ಸಭೆಸಭೆಯಲ್ಲೂ ಗೋಳಿಡುತ್ತಿದ್ದೆನಲ್ಲ, ಅವರ ಗೆಲುವಿಗೆ ಇಷ್ಟು ನಿಷ್ಠೆಯಿಂದ ದುಡಿದವರು ಅವರ ದೇಶದಲ್ಲೂ ಇರಲಾರರು.

ಸವೆದ ಕೊಂಡಿ ಸಿಕ್ಕಿತು. ಕಳಚಲು ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಸಜ್ಜನರು, ಕುರ್ಚಿ ಕೊಟ್ಟರು, ನೀರು ಕೊಟ್ಟರು.

“ಅಯ್ಯಾ, ಹೆಸರು ಬದಲಾಯಿಸೋಕೆ ಬಿಟ್ಟು ಹೋಗೋವ್ರು ರುಜು ಹಾಕ್ಬೇಕು.”

“ಹಾಕಿದೀನಲ್ಲಪ್ಪ.”

“ಹಾಕಿದೀರಿ. ಆದ್ರೆ ನಿಮ್ಮ ಹೆಸರಿಗೆ ತಡೆ ಇದೆ. ತಡೆ ಇರೋವ್ರ ರುಜು ಒಂದು ವರ್ಷ ನಡಿಯಲ್ಲ.”

“ತಡೆ ಇರೋದಕ್ಕೇ ತಾನೆ ಬಿಟ್ಟು ಹೋಗ್ತಿರೋದು?”

“ಅದೇ ಅಯ್ಯಾ. ತಡೆ ಇಲ್ದಿದ್ರೆ ಧಾರಾಳವಾಗಿ ಬಿಟ್ಟು ಹೋಗ್ಬಹುದಿತ್ತು.”

“ಹಾಗಿದ್ರೆ ನನ್ನ ರುಜು ಇಲ್ದೇನೇ ಆಕೆ ಹೆಸರು ಬರ್ಕೊಳ್ಳಿ.”

“ಅಯ್ಯೋ, ನಿಮ್ಮನ್ನ ಕೇಳ್ದೆ ನಿಮ್ಮ ಹೆಸರು ತೆಗೆಯೋಕಾಗುತ್ತಾ? ನಿಮಗೆ ಅನ್ಯಾಯ ಆಗಲ್ವಾ?”

ಮಾನ್ಯರೇ, ತರ್ಕಶಾಸ್ತ್ರದಲ್ಲಿ ಇಂಥದ್ದನ್ನು ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ. ತಮ್ಮ ಕಚೇರಿಯಲ್ಲಿ ಕಾರ್ಯವಿಧಾನವೆನ್ನುತ್ತಾರೆ. ನಾನಾದರೂ ಅಂಗಿಯನ್ನು ಒಂಬತ್ತು ದಿನ ಕೂಡಿಸಿಕೊಂಡಿದ್ದೆ, ಅದಕ್ಕೊಂದು ಶುಭಲಗ್ನದ ನೆಪವಿತ್ತು. ಮೂವತ್ತೇಳು ದಿನ ಕಡತವನ್ನು ಕೂಡಿಸಿಕೊಂಡಿರುವ ತಾವು ಯಾವ ನಕ್ಷತ್ರಕ್ಕೆ ಕಾಯುತ್ತಿದ್ದೀರಿ? ಸರಬರಾಜು ಸರಪಳಿ ಬಂದರಿನಲ್ಲಿ ಮಾತ್ರ ಇದೆಯೇ, ತಮ್ಮ ಮೇಜಿನ ಮೇಲೆ ಹಾದುಹೋಗುವುದಿಲ್ಲವೇ?

ಇನ್ನು ತುಳಸಿಮಣಿಯೇ ಏಕೆಂದು ತಾವು ಕೇಳಬಹುದು. ಆಕೆ ನೂಲು ಕತ್ತರಿಸುವ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ನನ್ನ ಒಬ್ಬಳೇ ಮಗಳು ಈರೋಡಿನಲ್ಲಿ ವೈದ್ಯೆ; ಬಟ್ಟೆಯೆಂದರೆ ಗಾಯಕ್ಕೆ ಕಟ್ಟುವುದಷ್ಟೇ ಅವಳಿಗೆ ಗೊತ್ತು. ತುಳಸಿಮಣಿಯೊಡನೆ ಪಾಲುದಾರಿಕೆಯ ಪತ್ರ ನೋಂದಣಿಯಾಗಿದೆ. ಅದಕ್ಕೆ ಮುಂಚೆ ದೊಡ್ಡ ಕಂಪನಿಯೊಂದು ಆಕೆಯನ್ನು ಎರಡು ಬಾರಿ ಕರೆಯಿತು. ಮನೆ ಬಾಗಿಲಿಗೆ ಬಸ್ಸು, ಮಧ್ಯಾಹ್ನದ ಊಟ. ಹೋಗಮ್ಮ ಎಂದು ನಾನೇ ಹೇಳಿದೆ.

“ನಾನು ಹೋಗ್ಬಹುದು ಅಯ್ಯಾ. ಇವ್ರೆಲ್ಲ? ಅಲ್ಲಿ ಮೂವತ್ತೈದು ದಾಟಿದ ಹೆಂಗಸ್ರನ್ನ ಗೇಟ್ ಒಳಗೂ ಬಿಡಲ್ಲ. ನಮ್ಮಲ್ಲಿ ಮೂವತ್ತೈದರ ಕೆಳಗಿರೋದು ಎರಡು ಯಂತ್ರ ಮಾತ್ರ.”

ಹೆಸರು ಬರೆಸಿಕೊಳ್ಳಲು ಒಪ್ಪುವ ಮುಂಚೆ ಆಕೆ ಷರತ್ತುಗಳನ್ನೂ ಹಾಕಿದಳು. ಮಾದರಿ ತುಂಡು ಪೂಜಾಮಂದಿರಕ್ಕೆ ಹೋಗುವುದಿಲ್ಲ. ಗಾಡಿ ತಿಥಿ ನೋಡುವುದಿಲ್ಲ. ಯಾವ ಕಾಗದವೂ ಒಂದು ಸಂಜೆಗಿಂತ ಹೆಚ್ಚು ನನ್ನ ಮೇಜಿನ ಮೇಲಿರುವುದಿಲ್ಲ.

“ಹಾಗಾದ್ರೆ ನಾನೇನಮ್ಮ ಮಾಡ್ಲಿ?” ಎಂದೆ.

“ಪ್ರಾರ್ಥನೆ ಮಾಡಿ ಅಯ್ಯಾ. ಅದು ನಿಮಗೆ ಚೆನ್ನಾಗಿ ಬರುತ್ತೆ.”

ಒಪ್ಪಿದೆ. ಈಗ ನಡೆಯುತ್ತಿರುವ ಹದಿನೆಂಟು ಸಾವಿರ ಅಂಗಿಗಳು ನೂಲಿನಿಂದ ಪೆಟ್ಟಿಗೆಗೆ ಮೂವತ್ತೆಂಟು ದಿನದಲ್ಲಿ ಬರುತ್ತಿವೆ. ಆಕೆ ಹೊಸ ಯಂತ್ರ ತರಲಿಲ್ಲ, ಯಾರನ್ನೂ ಹೆಚ್ಚು ಹೊತ್ತು ದುಡಿಸಲಿಲ್ಲ. ನನ್ನ ಮೇಜನ್ನು ದಾರಿಯಿಂದ ಪಕ್ಕಕ್ಕೆ ಸರಿಸಿದಳು, ಬಣ್ಣದ ಮನೆಯಲ್ಲಿ ಸರದಿಯನ್ನು ಹದಿನೈದು ದಿನ ಮುಂಚೆಯೇ ಹಿಡಿದಳು. ಅಷ್ಟೆ. ನಾನೊಬ್ಬ ಕುಳಿತಿದ್ದುದರಿಂದ ನಲವತ್ತು ವರ್ಷದಲ್ಲಿ ಎಷ್ಟು ಹಡಗುಗಳು ಹೋದವೋ ಎಂದು ಯೋಚಿಸಿದರೆ ಜಪದ ಲೆಕ್ಕ ತಪ್ಪುತ್ತದೆ.

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟವಾಗಿದೆ. ತಡೆಯಲ್ಪಟ್ಟವನ ರುಜು ಬೇರಾವುದಕ್ಕೆ ನಡೆಯದಿದ್ದರೂ ತಾನು ತೊಲಗುವುದಕ್ಕೆ ನಡೆಯುತ್ತದೆಂದು ಒಂದು ಸಾಲಿನ ಆದೇಶ ಹೊರಡಿಸಿ. ನನ್ನಂತೆ ಸಿಕ್ಕಿಬಿದ್ದ ಇತರ ಸಣ್ಣ ಘಟಕಗಳಿಗೂ ಅದು ಅನ್ವಯವಾಗಲಿ. ನನ್ನ ತಡೆಯನ್ನು ತೆಗೆಯಬೇಡಿ; ಒಂದು ವರ್ಷ ಸಾಲದೆನಿಸಿದರೆ ಆಜೀವವಾಗಿರಲಿ, ಸಂತೋಷ. ಮಾಸಿ ಇಪ್ಪತ್ತೆಂಟರೊಳಗೆ ತುಳಸಿಮಣಿಯ ಹೆಸರಿಗೆ ಕೂಡು ಕಂಟೈನರಿನಲ್ಲಿ ಜಾಗ ಕೊಡಿ. ಶಿಕ್ಷೆ ತಪ್ಪು ಮಾಡಿದವನಿಗೆ ತಾಗಲಿ, ತಪ್ಪನ್ನು ಹಿಡಿದವಳಿಗೆ ಬೇಡ.

ಇಂತಿ, ತೊಲಗಲೂ ಅರ್ಹತೆ ಸಾಲದೆ ತಮ್ಮ ಬಾಗಿಲಲ್ಲಿ ನಿಂತಿರುವ,
ಚೆ. ನಾಚಿಮುತ್ತು
ತಿರುಪ್ಪೂರು

ನನ್ನ ರುಜು ನಡೆಯದೆಂದು ಈ ಪತ್ರವನ್ನೂ ಹಿಂದಿರುಗಿಸಬಾರದೆಂದು ತುಳಸಿಮಣಿಗೆ ಓದಿ ಹೇಳಿ ಕೆಳಗೆ ಆಕೆಯ ರುಜುವನ್ನೂ ಪಡೆದಿದ್ದೇನೆ. ಒಂದು ಮಾತು ಸೇರಿಸುವೆಯಾ ಎಂದು ಕೇಳಿದ್ದಕ್ಕೆ ಆಕೆ ಬರೆದದ್ದು:

“ಸಾರ್, ಅಯ್ಯಾ ಉದ್ದಕ್ಕೆ ಬರ್ದಿದಾರೆ, ಓದೋಕೆ ಪುರುಸೊತ್ತಾಗ್ದಿದ್ರೆ ಬಿಡಿ. ಇಪ್ಪತ್ತೆಂಟಕ್ಕೆ ಮುಂಚೆ ಮುನ್ನೂರು ಪೆಟ್ಟಿಗೆಗೆ ಜಾಗ ಬೇಕು. ಬಟ್ಟೆ ಸಿದ್ಧ ಇರುತ್ತೆ, ಬಣ್ಣ ನಾನು ನೋಡಿದೀನಿ. — ತುಳಸಿಮಣಿ, ತಪಾಸಣೆ.”