ಕೆಂಡಮ್ಮನಿಗೆ ಕೊಡದ ಮಗಳು

ದೊಡ್ಡಬೆಳವಂಗಲ ಹೋಬಳಿ
೨೦-೨-೧೯೬೮

ಯಜಮಾನರ ಪಾದಗಳಿಗೆ ಮುನಿತಾಯಮ್ಮ ಮಾಡುವ ನಮಸ್ಕಾರ. ನಾನೂ ಮಗಳು ಭಾಗ್ಯಳೂ ಉಸಿರಾಡಿಕೊಂಡಿದ್ದೇವೆ. ನೀವು ಹೇಗಿದ್ದೀರೋ. ಬೊಂಬಾಯಿಯ ಗಿರಣಿಯಲ್ಲಿ ಹತ್ತಿಯ ದೂಳಿಗೆ ಕೆಮ್ಮು ಬರುತ್ತದಂತೆ, ಬಿಸಿನೀರು ಕುಡಿಯಿರಿ. ಪಕ್ಕದೂರಿನ ಚಿಕ್ಕವೆಂಕಟಪ್ಪ ನಿಮ್ಮ ಸುದ್ದಿ ತಂದು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಕೋಪ ಬೇಡ. ಮೂರನೇ ಕ್ಲಾಸಿಗೇ ಬಿಟ್ಟವಳು, ಒಂದೊಂದು ಅಕ್ಷರಕ್ಕೂ ತಡವರಿಸುತ್ತೇನೆ. ಬೇರೆಯವರ ಕೈಲಿ ಬರೆಸುವ ಕಾಗದವೂ ಇದಲ್ಲ.

ನೀವು ಅಣ್ಣನ ಜೊತೆ ಜಗಳವಾಡಿ ಹೋದ ಮೇಲೆ ವರ್ಷಗಟ್ಟಲೆ ಸುದ್ದಿಯೇ ಇರಲಿಲ್ಲ. ಯುಗಾದಿಗೆ ಬರುತ್ತೀರಿ ಎಂದು ಚಿಕ್ಕವೆಂಕಟಪ್ಪ ಹೇಳಿದಾಗ ಮೊದಲು ಸಂತೋಷವಾಯಿತು, ಹಿಂದೆಯೇ ಎದ್ದು ಬಾಗಿಲು ಹಾಕಿದೆ. ಯಾಕೆಂದು ಹೇಳುತ್ತೇನೆ.

ಕಾರ್ತೀಕದಲ್ಲಿ ಕೆಂಡಮ್ಮನ ಗುಡಿಯ ಪೂಜಾರಿಣಿ ಅಕ್ಕಯಮ್ಮ ತೀರಿಕೊಂಡಳು. ಹೆಣಕ್ಕೆ ನೀರು ಹಾಕಲು ನಾನೂ ಹೋಗಿದ್ದೆ. ಬೆನ್ನ ತುಂಬ ಹಳೆಯ ಬಾಸುಂಡೆಯ ಗುರುತು. ಅವಳು ಕಾಯುತ್ತಿದ್ದ ಗುಡಿಯ ಬೆಂಕಿ ಆರಿದಾಗಲೆಲ್ಲ ಹುಣಸೆ ಬರಲಿನಲ್ಲಿ ಹೊಡೆದದ್ದು. ಹಲ್ಲು ಬೀಳುವ ವಯಸ್ಸಿನಲ್ಲಿ ಒಳಗೆ ಹೋದವಳು, ಮದುವೆಯಿಲ್ಲ, ಮಕ್ಕಳಿಲ್ಲ, ಹೆಣವಾಗಿಯೇ ಹೊರಗೆ ಬಂದಳು.

ಅವಳ ಜಾಗಕ್ಕೆ ಮೈನೆರೆಯದ, ಊನವಿಲ್ಲದ, ಅಪ್ಪ ಅವ್ವ ಇಬ್ಬರೂ ಬದುಕಿರುವ ಹುಡುಗಿಯೇ ಆಗಬೇಕು. ನಿಮ್ಮಣ್ಣ ಪಾಪಯ್ಯನವರು ಭಾಗ್ಯಳ ಹೆಸರು ಕೊಟ್ಟುಬಿಟ್ಟರು. ಗುಡಿಯ ಮಾನ್ಯದ ಹೊಲ ಪೂಜಾರಿಣಿಯ ಮನೆಯವರಿಗೇ ಅಲ್ಲವೇ. ನಾನು ಕಾಲು ಹಿಡಿದೆ.

"ಏನಮ್ಮಾ, ತಾಯಿ ಕೇಳ್ತಾವ್ಳೆ, ಕೊಡಾಕಿಲ್ಲ ಅಂತೀಯಾ? ನಾಳೆ ಊರಿಗೆಲ್ಲ ಸಿಡುಬು ಎದ್ರೆ ನೀನು ನೋಡ್ಕೊಂತೀಯಾ?" ಎಂದರು.

ಭಾಗ್ಯಳ ಸ್ಕೂಲಿನ ವರಲಕ್ಷ್ಮಮ್ಮ ಮೇಡಂ ಹತ್ತಿರ ಹೋಗಿ ಅತ್ತುಕೊಂಡೆ. ಬಹಳ ಹಿಂದೆ ರೋಮ್ ಎಂಬ ಪಟ್ಟಣದಲ್ಲೂ ಬೆಂಕಿ ಕಾಯುವ ಪೂಜಾರಿಣಿಯರಿದ್ದರಂತೆ. ಅಲ್ಲೂ ಅಪ್ಪ ಅವ್ವ ಇರುವ ಸಣ್ಣ ಮಕ್ಕಳನ್ನೇ ಆರಿಸುತ್ತಿದ್ದರಂತೆ. ಬೆಂಕಿ ಆರಿದರೆ ಚಾಟಿ ಏಟು, ವ್ರತ ಕೆಟ್ಟರೆ ಜೀವಂತ ಹೂಳುವುದು.

"ಆ ಮಕ್ಕಳ ಅವ್ವಂದಿರು ಏನು ಮಾಡೋರು ಮೇಡಂ?" ಎಂದೆ.

"ಅದು ಪುಸ್ತಕದಲ್ಲಿ ಇಲ್ಲ ಮುನಿತಾಯಮ್ಮ" ಎಂದರು.

ಆ ವಾರವೇ ಚಿಕ್ಕವೆಂಕಟಪ್ಪ ಬಂದದ್ದು. ನಿಮ್ಮ ಸುದ್ದಿಯನ್ನು ಅವನಿನ್ನೂ ಯಾರಿಗೂ ಹೇಳಿರಲಿಲ್ಲ. ಕೈ ಹಿಡಿದು, ಅವರು ತೀರಿಕೊಂಡರು ಅಂತ ಹೇಳಪ್ಪ ಎಂದು ಬೇಡಿದೆ.

"ಥೂ, ಏನಕ್ಕಾ ನೀನು! ಗುಂಡುಕಲ್ಲಿನಂಗವ್ನೆ ನಿನ್ ಗಂಡ. ನನ್ ಬಾಯಿಗೆ ಹುಳ ಬೀಳ್ತದೆ" ಎಂದ.

ಭಾಗ್ಯಳನ್ನು ಕರೆದು ಅವನ ಮುಂದೆ ನಿಲ್ಲಿಸಿದೆ. ಸಂಜೆ ಅರಳಿಕಟ್ಟೆಯಲ್ಲಿ ಹೇಳಿದ, ಕಾಲರಾ ಬಂತು, ಅಲ್ಲೇ ಸುಟ್ಟರು ಎಂದು.

ಕೆರೆಯ ಹತ್ತಿರ ಬಳೆ ಒಡೆದರು, ತಾಳಿ ತೆಗೆದರು. ನಾನು ಅತ್ತದ್ದು ನಾಟಕವಲ್ಲ. ಬದುಕಿರುವ ಗಂಡನ ಆಯುಸ್ಸಿಗೆ ನಾನೇ ಕುತ್ತು ತಂದೆನೇನೋ ಎಂಬ ಭಯಕ್ಕೆ ಅತ್ತೆ. ಈಗಲೂ ಅದೇ ಭಯ. ನಿಮಗೆ ಜ್ವರಗಿರ ಏನೂ ಬಂದಿಲ್ಲ ತಾನೇ?

ಅಪ್ಪನಿಲ್ಲದ ಹುಡುಗಿ ಆಗದು ಎಂದು ನಮ್ಮವಳನ್ನು ಬಿಟ್ಟರು. ಈಗ ಅಂಜಿನಮ್ಮನ ಮಗಳನ್ನು ಕೇಳಿದ್ದಾರೆ. ನಿನ್ನೆ ಬಾವಿಯ ಹತ್ತಿರ ಅಂಜಿನಮ್ಮ ನನ್ನ ಬೋಳುಗೈ ನೋಡಿ, "ನೀನೇ ಪುಣ್ಯವಂತೆ ಕಣಕ್ಕಾ" ಎಂದಳು. ಕೊಡ ತುಂಬಿಸಲಾಗದೆ ಹಾಗೇ ಬಂದುಬಿಟ್ಟೆ.

ಚಿಕ್ಕವೆಂಕಟಪ್ಪ ನಾಡಿದ್ದು ಮತ್ತೆ ಬೊಂಬಾಯಿಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಇದನ್ನು ಕೊಡುತ್ತೇನೆ. ಕುಡಿದಾಗ ಎಲ್ಲಿ ಬಾಯಿ ಬಿಡುತ್ತಾನೋ ಎಂಬ ಚಿಂತೆ ಬೇರೆ. ಹೊತ್ತಿಗೆ ಸರಿಯಾಗಿ ಉಣ್ಣಿ. ಶಿವಗಂಗೆಯ ಸ್ವಾಮಿ ನಿಮ್ಮನ್ನು ನೂರು ವರ್ಷ ಚೆನ್ನಾಗಿ ಇಟ್ಟಿರಲಿ.

ನಿಮ್ಮ
ಮುನಿತಾಯಮ್ಮ

ಮೇಲೆ ಬರೆಯಲು ಕೈ ಬರಲಿಲ್ಲ: ಯುಗಾದಿಗೆ ಬರಬೇಡಿ. ಯಾವತ್ತೂ ಬರಬೇಡಿ. ನೀವು ಊರೊಳಗೆ ಕಾಲಿಟ್ಟರೆ ಮಗಳನ್ನು ಗುಡಿಯಲ್ಲಿ ಕೂರಿಸುತ್ತಾರೆ. ಭಾಗ್ಯಳಿಗೂ ನಿಜ ಹೇಳಿಲ್ಲ. ಮಗು, ಬಾಯಿ ಜಾರುತ್ತದೆ. ತಿಥಿಯ ದಿನ ಎಡೆಯನ್ನು ಕಾಗೆ ಮುಟ್ಟಲಿಲ್ಲ. ನೀವು ಬದುಕಿರುವುದು ಅದಕ್ಕೆ ಗೊತ್ತಾಗಿಹೋಯಿತು ಎಂದುಕೊಂಡೆ. ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದು ಎಲ್ಲರೂ ಅಂದರು. ಭಾಗ್ಯಳೇ ಮುಂದೆ ಹೋಗಿ ನಿಂತು, "ಅಪ್ಪಾ, ಅವ್ವನ್ನ ನಾನು ನೋಡ್ಕೊಂತೀನಿ, ನೀನು ಹೋಗು" ಎಂದಳು. ಕಾಗೆ ಬಂದು ತಿಂದಿತು.