ಏಳು ಓಢಣಿ, ಒಂದು ಕೂದಲು

೪ ನವೆಂಬರ್ ೨೦೨೪, ಸೋಮವಾರ

ಬೆಳಿಗ್ಗೆಯಿಂದ ವಾಪಸ್ ಬಂದವನ್ನೇ ಬಿಚ್ಚುತ್ತಿದ್ದೇನೆ. ಐದು ಪಾರ್ಸೆಲ್. ಒಂದರಲ್ಲಿ ಅತ್ತರಿನ ವಾಸನೆ, ಒಂದರ ತೋಳಿಗೆ ಅರಿಶಿನ, ಇನ್ನೊಂದಕ್ಕೆ ಬಿರಿಯಾನಿಯ ಎಣ್ಣೆ. ಕಾರಣದ ಕಾಲಂನಲ್ಲಿ ಐದೂ ಜನ ಬರೆದದ್ದು ಒಂದೇ — ಸೈಜ್ ಸರಿಯಿಲ್ಲ. ಉಟ್ಟು, ಮೆರೆದು, ಫೋಟೋ ತೆಗೆಸಿಕೊಂಡ ಮೇಲೆ ಸೈಜ್ ನೆನಪಾಯಿತೇನು ಇವರಿಗೆ!

ಈ ವರ್ಷ ಹೋಗುವುದಕ್ಕಿಂತ ಬರುವುದೇ ಹೆಚ್ಚು. ಆದರೂ ನಮ್ಮ ಕಂಪನಿಯ ‘ಮಹಲ್‌ಸರಾ’ ಆ್ಯಪ್ ತೆರೆದರೆ ಅದೇ ಠೀವಿ. ಬಂಗಾರದ ಅಕ್ಷರ, ‘ಬೀದರಿನ ಕರ್ಚೋಬಿ ಜರಿ ಕಸೂತಿ, ರಾಣಿಯರಿಗಾಗಿ’. ರಾಣಿಯರು ವಾಪಸ್ ಕಳಿಸಿದ್ದನ್ನು ಬೀದರಿನ ಈ ಎರಡು ಕೋಣೆಯ ಆಫೀಸಿನಲ್ಲಿ ಮೂಸಿ ನೋಡುವವಳು ನಾನು. ಹುದ್ದೆಯ ಹೆಸರು ಕ್ವಾಲಿಟಿ ಎಕ್ಸಿಕ್ಯೂಟಿವ್.

ಮಧ್ಯಾಹ್ನ ದಾರದ ತುದಿ ಕೀಳುವ ಚಿಮಟಾ ತೆಗೆದೆ. ತುದಿಯಲ್ಲಿ ಒಂದು ಕೂದಲು. ಉದ್ದ, ಮೆಹಂದಿ ಕೆಂಪು. ಊದಿದೆ, ಹೋಗಲಿಲ್ಲ. ಮದುಮಗಳು ತಲೆಗೆ ಹೊದೆಯುವ ಓಢಣಿಗೆ ಕಸೂತಿ ಹಾಕಿಕೊಡುತ್ತಿದ್ದ ಅಕ್ತರಬೀ ಖಾಲಾ ತೀರಿಕೊಂಡು ನಲವತ್ತು ದಿನ ಆಯಿತು, ಮೊನ್ನೆ ಶನಿವಾರವೇ ನಲವತ್ತರ ಊಟಕ್ಕೆ ಹೋಗಿ ಬಂದಿದ್ದೇನೆ. ಅಷ್ಟರಲ್ಲಿ ಚಿಮಟಾ ಎಷ್ಟು ಸಲ ಒರೆಸಿಲ್ಲ... ಹಳೆಯದಿರಬೇಕು.

೧೨ ನವೆಂಬರ್, ಮಂಗಳವಾರ

ಫರ್ಹೀನ್ ಬಂದಿದ್ದಳು. ಖಾಲಾನ ಒಬ್ಬಳೇ ಮಗಳು. ಮುಖ ಸಣ್ಣಗಾಗಿದೆ.

‘ಅಕ್ಕಾ, ನಿಕಾಹ್ ಗಟ್ಟಿ ಆತ್ರಿ. ಜನವರಿ ಹತ್ತೊಂಬತ್ತು, ಔರಾದದಾಗ.’ ಹುಡುಗ ಆತೀಫ. ಔರಾದ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ.

‘ಭಾಳ ಛಲೋ ಆತವ್ವಾ,’ ಅಂದೆ. ಅವಳು ಎದ್ದು ಹೋಗಲಿಲ್ಲ. ಬೆರಳಿಗೆ ದುಪಟ್ಟಾದ ತುದಿ ಸುತ್ತುತ್ತ ಕೂತಳು.

‘ಒಂದು ಕೇಳ್ಲಿಕ್ಕ ಬಂದೇನ್ರಿ. ಅಮ್ಮೀ ಮಾಡಿದ್ದ ಓಢಣಿ ಒಂದರ ಸಿಗ್ತದೇನ್ರಿ? ವಾಪಸ್ ಬಂದಿದ್ದು, ಕಲೆ ಬಿದ್ದಿದ್ದು, ಏನಿದ್ರೂ ನಡೀತದ. ಮನ್ಯಾಗ ಒಂದೂ ಇಲ್ಲ. ಮಂದಿ ಮಕ್ಕಳಿಗೇ ಮಾಡಿ ಮಾಡಿ ಕೊಟ್ಟಳು.’

‘ಅಮ್ಮೀದೇ ಅಂತ ಹ್ಯಾಂಗ ಗುರ್ತು ಹಿಡೀತಿ?’

‘ಕೂದ್ಲ ಇರ್ತದಲ್ರಿ! ಅಂಚಿನ್ಯಾಗ. ಕೈ ಆಡ್ಸಿದ್ರ ತಿಳೀತದ.’

ಹುಡುಕುತ್ತೇನೆ ಎಂದು ಮಾತು ಕೊಟ್ಟೆ. ಅವಳು ಹೋದ ಮೇಲೆ ಚಹಾ ಆರಿ ನೀರಾಯಿತು, ಕುಡಿಯಲಿಲ್ಲ.

ಯಾರೂ ಓದದ ಪುಸ್ತಕದಲ್ಲಾದರೂ ನಿಜ ಬರೆಯಬೇಕು. ಖಾಲಾ ಪ್ರತಿ ಓಢಣಿ ಮುಗಿಸುವಾಗ ತಲೆಯಿಂದ ಒಂದು ಕೂದಲು ಕಿತ್ತು ಸೂಜಿಗೆ ಪೋಣಿಸುತ್ತಿದ್ದರು. ಅಂಚಿನ ಮಡಿಕೆಯೊಳಗೆ ಏಳು ಟಾಕಿ, ಏಳು ಹೊಲಿಗೆ. ಮದುಮಗಳಿಗೆ ನಜರ್ ಬೀಳಬಾರದು ಅಂತ. ‘ಅಕಿಗೆ ಅಮ್ಮೀ ಇಲ್ಲಾಂದ್ರೂ ಒಬ್ಬಾಕಿ ಹಿಂದ ನಿಂತಂಗ ಇರ್ಲಿ ಬೇಟಿ,’ ಅನ್ನುತ್ತಿದ್ದರು. ಎರಡು ವರ್ಷದ ಹಿಂದೆ ಯಾರೋ ಗಿರಾಕಿ ಕೂದಲಿನ ಫೋಟೋ ತೆಗೆದು ಹಾಕಿದಳು. ಮುಂಬೈ ಹೆಡ್ ಆಫೀಸಿನಿಂದ ಮೇಲ್ ಬಂತು — ಕಿತ್ತು ತೆಗೆಯಿರಿ, ಪುರಾವೆಗೆ ರಿಜಿಸ್ಟರಿನಲ್ಲಿ ಟೇಪ್ ಹಚ್ಚಿ ಇಡಿರಿ. ಕಿತ್ತೆ. ಮೂವತ್ತೊಂದು ಓಢಣಿ, ಮೂವತ್ತೊಂದು ಕೂದಲು. ಖಾಲಾಗೆ ಒಂದು ಮಾತು ಹೇಳಲಿಲ್ಲ. ಅವರು ಚಹಾ ಕುಡಿದು ದುವಾ ಮಾಡಿ ಮೆಟ್ಟಿಲಿಳಿದ ಮೇಲೆ ಚಿಮಟಾ ತೆಗೆಯುತ್ತಿದ್ದೆ.

ಜುಲೈಯಲ್ಲಿ ಕೊನೆಯ ಓಢಣಿ ತಂದಾಗ, ‘ಈ ಸಲ ನಿನಗ ಏನೂ ಸಿಗೂದಿಲ್ಲ ನೋಡು ಬೇಟಿ,’ ಎಂದು ನಕ್ಕಿದ್ದರು. ಅಂಚು ಪೂರ್ತಿ ನೋಡಿದೆ. ಕೂದಲು ಇರಲಿಲ್ಲ. ಯಾರೋ ಹೇಳಿರಬೇಕು, ಬಿಟ್ಟುಬಿಟ್ಟರು ಅಂದುಕೊಂಡೆ. ಆದರೆ ಅದಕ್ಕೂ ಹಿಂದಿನ ವಾರವೇ ನನ್ನ ರಿಪೋರ್ಟ್ ಹೋಗಿಯಾಗಿತ್ತು: ‘ಕಸೂತಿ ಕಾರಿಗರ್ ಸೂಚನೆ ಪಾಲಿಸುತ್ತಿಲ್ಲ’. ಖಾಲಾನ ಹೆಸರು ಲಿಸ್ಟಿನಿಂದ ತೆಗೆದರು. ಸೆಪ್ಟೆಂಬರಿನಲ್ಲಿ ಹೋಗೇ ಬಿಟ್ಟರು. ಎದೆನೋವು. ನನ್ನ ರಿಪೋರ್ಟಿಗೂ ಎದೆನೋವಿಗೂ ಸಂಬಂಧ ಇಲ್ಲ. ಇದನ್ನು ದಿನಾ ಹೇಳಿಕೊಳ್ಳುತ್ತೇನೆ.

೨ ಡಿಸೆಂಬರ್, ಸೋಮವಾರ

ಮುಂಬೈ ಮೇಡಂ ವಿಡಿಯೋದಲ್ಲಿ ಬಂದಿದ್ದರು. ಯಾರೋ ದೊಡ್ಡವರು ಕಂಪನಿ ಕೊಳ್ಳಬಹುದಂತೆ. ಕೊಳ್ಳದೆಯೂ ಇರಬಹುದಂತೆ. ಜನ ದುಬಾರಿ ಬಟ್ಟೆಯನ್ನು ಆನ್‌ಲೈನಿನಲ್ಲಿ ನೋಡುತ್ತಾರೆ, ಕೊಳ್ಳುವುದು ಅದರ ನಕಲನ್ನು. ನಮ್ಮಂಥ ಸೈಟುಗಳೆಲ್ಲ ಒಂದೊಂದಾಗಿ ಬಾಗಿಲು ಹಾಕುತ್ತಿವೆ, ನಾವು ಮಾತ್ರ ಹಾಕುವುದಿಲ್ಲ... ಹೀಗೇ ಅರ್ಧ ಗಂಟೆ. ಕಾರಿಗರರಿಗೆ ‘ಬಂದ್’ ಅನ್ನಬೇಡಿ, ‘ಪಾಜ್’ ಅನ್ನಿ, ಸದ್ಯಕ್ಕೆ ತಡೆದಿದ್ದೇವೆ ಅಂತ, ಅಂದರು.

ಹಳೇ ಬೀದರಿನ ಹದಿಮೂರು ಮನೆಗೂ ಹೋಗಿ ಪಾಜ್ ಅಂದು ಬಂದೆ. ಸುಗರಾ ಕೇಳಿದಳು, ‘ಪಾಜ್ ಅಂದ್ರ ಏನ್ರಿ ಮೇಡಮ್? ಕೆಲ್ಸಾ ಐತೋ ಇಲ್ಲೋ, ಒಂದು ಹೇಳ್ರಿ.’ ಮುಂದಿನ ಮನೆಗೆ ನಡೆದೆ.

ಕೊನೆಗೆ ಖಾಲಾನ ಮನೆ ದಾಟಿ ಬರಬೇಕಾಯಿತು. ಬಾಗಿಲು ತೆರೆದಿತ್ತು. ಬಟ್ಟೆ ಬಿಗಿಯುವ ಕಟ್ಟಿಗೆಯ ಚೌಕಟ್ಟು, ಅಡ್ಡಾ ಅನ್ನುತ್ತಾರಲ್ಲ, ಇನ್ನೂ ನಡುಮನೆಯಲ್ಲೇ ಇದೆ. ಬಟ್ಟೆ ಇಲ್ಲ, ಬರೀ ನಾಲ್ಕು ಕಟ್ಟಿಗೆ. ಹೆಣ ಎತ್ತಿದ ಮೇಲೆ ಉಳಿಯುವ ಮಂಚದ ಹಾಗೆ ಕಂಡಿತು. ತಿರುಗಿ ನೋಡದೆ ಬಂದೆ.

೧೫ ಡಿಸೆಂಬರ್, ಭಾನುವಾರ, ಮೆಹಕರ

ಭಾಲ್ಕಿಗೆ ಬಂದು ಅಲ್ಲಿಂದ ಊರ ಬಸ್ಸು ಹಿಡಿದೆ. ಅವ್ವ ಬಿಸಿಲಿನಲ್ಲಿ ಕೂರಿಸಿ ತಲೆಗೆ ಎಣ್ಣೆ ಹಚ್ಚಿದಳು. ಬಾಚುತ್ತಿದ್ದವಳು ನಿಂತಳು.

‘ಮೆಹಂದಿ ಯಾವಾಗ ಹಚ್ಚಿದಿ?’

‘ಹಚ್ಚಿಲ್ಲಬೇ.’

‘ಮತ್ತ ಇದೇನು?’ ಬಾಚಣಿಗೆಯಿಂದ ಎಳೆದು ತೋರಿಸಿದಳು. ಕೆಂಪು. ಮೊಳದುದ್ದ. ನನ್ನ ಕೂದಲು ಹೆಗಲ ಕೆಳಗೂ ಇಳಿಯುವುದಿಲ್ಲ.

‘ಬಸ್ಸಿನ್ಯಾಗ ಯಾರದರ ಹತ್ತಿರಬೇಕು,’ ಎಂದು ಅವ್ವ ಅದನ್ನು ಅಂಗಳಕ್ಕೆ ಎಸೆದು ಮತ್ತೆ ಬಾಚತೊಡಗಿದಳು. ಅವಳಿಗೆ ಅಷ್ಟೇ. ನಮ್ಮದು ದೆವ್ವ ನಂಬುವ ಮನೆಯಲ್ಲ. ಅಪ್ಪ ಕಾಶೀರಾಮ ಮಾಸ್ತರ ದೆವ್ವ ಅಂದವರಿಗೆ ತರಗತಿಯಲ್ಲೇ ಕಿವಿ ಹಿಂಡುತ್ತಿದ್ದರು. ನಾನೂ ನಂಬುವುದಿಲ್ಲ. ಆದರೆ ಅವ್ವ ಒಳಗೆ ಹೋದ ಮೇಲೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಅದನ್ನು ಹುಡುಕಿದೆ. ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಹೆಚ್ಚು ಹೆದರಿದೆ.

೬ ಜನವರಿ ೨೦೨೫, ಸೋಮವಾರ

ಮೂರು ವಾರದಿಂದ ಬರೆದಿಲ್ಲ. ಬರೆಯುವಂಥದ್ದು ಏನೂ ಬಂದಿರಲಿಲ್ಲ, ಪಾರ್ಸೆಲ್ ಕೂಡ. ಇವತ್ತು ಮುಂಬೈ ಗೋಡೌನಿನಿಂದ ಒಂದು ಡಬ್ಬಿ ಬಂತು. ಏಳು ಓಢಣಿ. ಹೋದ ವರ್ಷದ ‘ಚಾಂದನಿ’ ಡಿಸೈನ್, ಕೆನೆ ಬಣ್ಣ, ನಡುವೆ ದೊಡ್ಡ ಹೂವು, ಒಳಪದರಕ್ಕೆ ಮಲ್ಮಲ್ ಅಸ್ತರು. ಖಾಲಾನ ಕೊನೆಯದು ಇದೇ ಡಿಸೈನ್! ಹಾಗಾದರೆ ಅದೂ ಇದರಲ್ಲೇ ಇರಬೇಕು. ಫರ್ಹೀನ್‌ಗೆ ಫೋನ್ ಮಾಡಲು ಕೈ ಹೋಯಿತು. ಆಮೇಲೆ ಮೇಲ್ ಓದಿದೆ.

ಏಳನ್ನೂ ಕತ್ತರಿಸಬೇಕಂತೆ. ನಡು ಹೂವಿನಿಂದ ಎರಡು ತುಂಡು. ಒಂದೊಂದರದೂ ವಿಡಿಯೋ ಕಳಿಸಬೇಕು, ಇಪ್ಪತ್ತನೆಯ ತಾರೀಖಿನೊಳಗೆ.

ಪ್ಯಾಕಿಂಗ್ ಮಾಡುವ ದಿಲೀಪ ತಲೆ ಕೆರೆದುಕೊಂಡ. ‘ಅರೆ, ಕಮ್ಮಿ ರೇಟಿಗಿ ಮಾರ್ಲಿ! ಇಲ್ಲಾಂದ್ರ ದಾನ ಕೊಡ್ಲಿ. ಕತ್ತರಿಸೂದ್ಯಾಕ್ರಿ?’

ಮೇಡಂಗೆ ಅದನ್ನೇ ಕೇಳಿದೆ. ಅಗ್ಗವಾಗಿ ಕೊಟ್ಟರೆ ಹೆಸರು ಹೋಗುತ್ತದೆ, ಕೊಳ್ಳಲು ಬಂದವರಿಗೆ ಹೆಸರೇ ಬೇಕಾಗಿರುವುದು ಅಂದರು. ಬಟ್ಟೆ ಬೇಡ, ಮಾಡಿದವರು ಬೇಡ, ಹೆಸರು ಬೇಕು. ನಾನು ಹೂಂ ಅಂದೆ. ನನಗೆ ಬರುವ ಭಾಷೆ ಅದೊಂದೇ ಅಲ್ಲವೇ.

೯ ಜನವರಿ, ಗುರುವಾರ

ಮೂರು ದಿನ ಭೂತಗನ್ನಡಿ ಹಿಡಿದು ಕೂತೆ. ಏಳರಲ್ಲಿ ಖಾಲಾನದು ಯಾವುದು? ಮಾಡಿದವರ ಹೆಸರಿನ ಚೀಟಿ ಮುಂಬೈಯಲ್ಲಿ ಕಿತ್ತು ಬಾರ್‌ಕೋಡ್ ಹಚ್ಚಿದ್ದಾರೆ. ಕೈಗೆಲಸ ನೋಡಿ ಹೇಳೋಣವೆಂದರೆ ಬೀದರಿನ ಎಲ್ಲರಿಗೂ ಕಲಿಸಿದ್ದು ಖಾಲಾನೇ. ಒಂದೇ ಕೈ. ಇದ್ದ ಗುರುತು ಒಂದು, ಅದನ್ನು ಕಿತ್ತವಳು ನಾನು. ಏಳರ ಅಂಚೂ ಖಾಲಿ. ಛೀ, ನನ್ನ ಬಾಳಿಗಿಷ್ಟು.

ಮಧ್ಯಾಹ್ನ ಎರಡು ಗಂಟೆಗೆ ದಿಲೀಪನನ್ನು ಕೊರಿಯರ್ ಆಫೀಸಿಗೆ ಕಳಿಸಿ ರಿಜಿಸ್ಟರ್ ತೆಗೆದೆ. ಮೂವತ್ತೊಂದು ಟೇಪು, ಸಾಲಾಗಿ. ಒಂದನ್ನು ಬಿಡಿಸಿದೆ. ಸೂಜಿಗೆ ಪೋಣಿಸುವಾಗ ನಾಲ್ಕು ಸಲ ತಪ್ಪಿತು. ಏಳರಲ್ಲಿ ಒಂದನ್ನು ಎತ್ತಿಕೊಂಡೆ, ಕಣ್ಣು ಮುಚ್ಚಿ. ಅಂಚಿನೊಳಗೆ ಏಳು ಟಾಕಿ. ಕೂದಲು ಖಾಲಾನದು, ಟಾಕಿ ನನ್ನದು, ಓಢಣಿ ಯಾರದೋ. ವಿಡಿಯೋಕ್ಕೆ ಇದರ ಬದಲು ಆಫೀಸಿನಲ್ಲಿರುವ ಇದೇ ಡಿಸೈನಿನ ಹಳೆಯ ಸ್ಯಾಂಪಲ್ ಕತ್ತರಿಸುತ್ತೇನೆ.

೧೧ ಜನವರಿ, ಶನಿವಾರ

ಕೊಟ್ಟೆ.

ಫರ್ಹೀನ್ ಓಢಣಿಯ ಮಡಿಕೆ ಬಿಚ್ಚಿದಳು. ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ ಹೋದಳು. ಒಂದು ಕಡೆ ನಿಂತಿತು. ಅಲ್ಲೇ ಮುಖ ಒತ್ತಿ ಅತ್ತುಬಿಟ್ಟಳು. ‘ಅಮ್ಮೀ ಅದಾಳ್ರಿ ಅಕ್ಕಾ, ಇಲ್ಲೇ ಅದಾಳ. ಮಂದಿ ಮಕ್ಕಳ ಜತಿ ಹೋದಾಕಿ ನನ್ನ ಕಡಿ ಬಂದ್ಲು.’

ಅವಳ ಅಪ್ಪ ಶರಫೋದ್ದೀನ ಚಾಚಾ ನನ್ನ ತಲೆಯ ಮೇಲೆ ಕೈಯಿಟ್ಟು, ‘ನಿಮ್ಮ ಉಪಕಾರ ಮರ್ಯೂದಿಲ್ರಿ, ನಿಕಾಹ್‌ಕ ಬರ್ಲಿಕ್ಕೇ ಬೇಕು,’ ಅಂದರು. ಆ ಕೈ ಇನ್ನೂ ತಲೆಯ ಮೇಲೆ ಇದ್ದ ಹಾಗಿದೆ. ಭಾರ.

೧೯ ಜನವರಿ, ಭಾನುವಾರ

ಬೆಳಿಗ್ಗೆ ೯.೩೦

ಹೋಗಬಾರದೆಂದು ಎಂಟು ದಿನ ನೆಪ ಹುಡುಕಿದೆ. ಸಿಗಲಿಲ್ಲ. ಮಧ್ಯಾಹ್ನದ ಜೋಹರ್ ನಮಾಜಿನ ನಂತರ ನಿಕಾಹ್. ಹನ್ನೊಂದೂವರೆಯ ಔರಾದ ಬಸ್ಸು ಸಾಕು. ಅಷ್ಟರಲ್ಲಿ ಕತ್ತರಿಸುವ ಕೆಲಸ ಮುಗಿಸುತ್ತೇನೆ, ನಾಳೆಯೇ ಕೊನೆಯ ದಿನ. ಫೋನು ಸ್ಟ್ಯಾಂಡಿಗೆ ಸಿಕ್ಕಿಸಿ ಮೇಜಿನ ಕಡೆ ತಿರುಗಿಸಿದ್ದೇನೆ. ರಜೆ ದಿನ, ಆಫೀಸಿನಲ್ಲಿ ಯಾರೂ ಇಲ್ಲ.

೧೦.೫೦

ಸ್ಯಾಂಪಲ್ ಮೊದಲು. ಆಮೇಲೆ ಐದು. ಜರಿಯ ಮೇಲೆ ಕತ್ತರಿ ಆಡುವಾಗ ಹಲ್ಲು ಕಡಿದ ಹಾಗೆ ಸದ್ದು. ಇನ್ನೊಂದು ಉಳಿದಿದೆ.

೧೧.೪೦

ಬಸ್ಸು ತಪ್ಪಿತು. ತಪ್ಪಲಿ.

ಆರನೆಯದರ ನಡು ಹೂವು ಸೀಳಿ ಅಸ್ತರು ಬಾಯಿ ಬಿಟ್ಟಿತು. ಒಳಗೆ ಕೆಂಪು. ರಕ್ತವೆಂದುಕೊಂಡು ಬೆರಳು ನೋಡಿಕೊಂಡೆ. ಅಲ್ಲ. ಹೂವಿನ ಹಿಂದೆ, ರೇಷ್ಮೆಗೂ ಅಸ್ತರಿಗೂ ನಡುವೆ, ಮದುಮಗಳ ನೆತ್ತಿ ಬರುವ ಜಾಗದಲ್ಲಿ, ಮೆಹಂದಿಯ ಕೂದಲು. ಏಳು ಟಾಕಿ.

ಅಲ್ಲಿಗೆ ಚಿಮಟಾ ಹೋಗುವುದಿಲ್ಲ. ಕತ್ತರಿಸಿದವರಿಗೆ ಮಾತ್ರ ಕಾಣುವ ಜಾಗ ಅದು.

ಖಾಲಾಗೆ ಗೊತ್ತಿತ್ತು. ನಾನು ಕೀಳುತ್ತೇನೆಂದು ಗೊತ್ತಿದ್ದೂ ಬರುತ್ತಿದ್ದರು, ನನ್ನ ಎದುರು ಕೂತು ಚಹಾ ಕುಡಿಯುತ್ತಿದ್ದರು, ನನಗೂ ದುವಾ ಮಾಡಿ ಹೋಗುತ್ತಿದ್ದರು. ಬೈಯಬಾರದಿತ್ತೇ ಖಾಲಾ, ಒಂದು ಸಲ?

೧೧.೫೫

ಎರಡು ತುಂಡು ಕೂಡಿಸಿ ನೋಡಿದೆ. ಮೂರು ಟಾಕಿ ಆ ಕಡೆ, ನಾಲ್ಕು ಈ ಕಡೆ. ಬಟ್ಟೆಯನ್ನಾದರೂ ಹೊಲಿಯಬಹುದು. ಕೂದಲು ಕೂಡುವುದಿಲ್ಲ. ಮುಂದಿನ ಬಸ್ಸು ಒಂದು ಗಂಟೆಗೆ. ಹೀಗೇ ಒಯ್ದು ಕೊಟ್ಟು ಎಲ್ಲ ಹೇಳಿಬಿಡಲೇ? ನಿಕಾಹ್‌ದ ದಿನ, ತಲೆಯ ಮೇಲಿನದನ್ನು ತೆಗೆ ಅನ್ನಲೇ? ಹೇಳದಿದ್ದರೆ ಜೀವಮಾನ ಪೂರ್ತಿ ಅವಳು ನನ್ನ ಟಾಕಿಯನ್ನು ಅಮ್ಮೀ ಎಂದು ಮುಟ್ಟುತ್ತಾಳೆ.

೧೨.೧೦

ಫೋನ್. ಫರ್ಹೀನ್. ವಿಡಿಯೋ ಕಾಲ್.

ನಿಂತಿತು. ಮತ್ತೆ ಬರುತ್ತಿದೆ. ಓಢಣಿ ಹೊದ್ದು ತೋರಿಸಲು ಮಾಡುತ್ತಿದ್ದಾಳೆ. ಫೋನು ಸ್ಟ್ಯಾಂಡಿನಲ್ಲೇ ಇದೆ, ಮುಖ ಮೇಜಿನ ಕಡೆಗೆ. ಎತ್ತಿದ ಕೂಡಲೇ ಅವಳಿಗೆ ಮೊದಲು ಕಾಣುವುದು ಈ ಎರಡು ತುಂಡೇ. ತಿರುಗಿಸಬೇಕು. ಕೈ ಚಾಚಿದೆ. ಬೆರಳಿಗೆ ಒಂದು ಕೂದಲು ಸುತ್ತಿಕೊಂಡಿದೆ, ಬಿಗಿಯಾಗಿ, ಎಳೆದರೂ ಬಿಡುತ್ತಿಲ್ಲ.