ಅಕ್ಕನಿಗೆ ಕಳಿಸಿದ ಬೀಗದ ಕೈ

ಭಾನುವಾರ, ಜುಲೈ ೧೪

ಪ್ರೀತಿಯ ಅಕ್ಕಾ,

ಹೇಗಿದ್ದೀಯೇ? ತಡವಾಯಿತು, ಬೈಯಬೇಡ. ಮದುವೆಯಾದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ! ಅಡುಗೆಮನೆ ಎಷ್ಟು ಪುಟ್ಟದೆಂದರೆ ಇಬ್ಬರು ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ. ಅದೂ ಚೆನ್ನಾಗಿಯೇ ಇದೆ!

ಇಂಗ್ಲಿಷ್ ಮೀಡಿಯಂನವಳು ಕಾಗದದ ಮೇಲೆ ಕನ್ನಡ ಬರೆಯುತ್ತಿದ್ದಾಳೆಂದರೆ ಏನೋ ಎಡವಟ್ಟಾಗಿದೆ ಅಂತ ನಿನಗೆ ಗೊತ್ತಾಗಿರುತ್ತದೆ. ಆಗಿದೆ.

ಇವರ ಕೆಲಸ ಗೊತ್ತಲ್ಲ, ಕಂಪ್ಯೂಟರಿನಲ್ಲಿ ಹೋಗುವ ಮಾತು ಕಳ್ಳರ ಕಣ್ಣಿಗೆ ಬೀಳದಂತೆ ಕಾಯುವುದು. ಅಕ್ಕತಂಗಿಯರು ಗುಟ್ಟಾಗಿ ಮೇಲ್ ಬರೆದುಕೊಳ್ಳಲಿ ಅಂತ ನನಗೊಂದು ಜೋಡಿ ಕೀ ಮಾಡಿಕೊಟ್ಟರು: ಒಂದು ಪಬ್ಲಿಕ್, ಒಂದು ಪ್ರೈವೇಟ್. "ನಿಮ್ಮಕ್ಕನಿಗೆ ಕಳ್ಸು" ಅಂದರು. ಯಾವುದನ್ನು ಅಂತ ನಾನು ಕೇಳಲಿಲ್ಲ. ಪಬ್ಲಿಕ್ ಊರಿನವರಿಗೆ, ಪ್ರೈವೇಟ್ ನಮ್ಮವರಿಗೆ, ಅಲ್ಲವೇನೇ? ನಿನಗಿಂತ ನಮ್ಮವರು ಯಾರು? ಪ್ರೈವೇಟನ್ನೇ ಕಳಿಸಿದೆ.

ಸಂಜೆ ಹೇಳಿದಾಗ ಇವರು ತಲೆಯ ಮೇಲೆ ಕೈ ಹೊತ್ತುಕೊಂಡರು. "ಅಯ್ಯೋ ಪುಣ್ಯಾತ್ಗಿತ್ತಿ, ಬೀಗ ಕಳ್ಸು ಅಂದ್ರೆ ಬೀಗದ ಕೈನೇ ಕಳ್ಸಿದ್ಯಲ್ಲ!"

ಗೇಟಿನ ಬೀಗ ತಂದು ಮೇಜಿನ ಮೇಲಿಟ್ಟರು. ಪಬ್ಲಿಕ್ ಕೀ ಅಂದರೆ ತೆರೆದ ಬೀಗವಂತೆ, ಯಾರಿಗೆ ಬೇಕಾದರೂ ಹಂಚಬಹುದು. ಬೀಗ ಸಿಕ್ಕವರು ನನಗೆ ಬರೆದ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಒತ್ತಿದರೆ ಮುಗಿಯಿತು. ಆಮೇಲೆ ಒತ್ತಿದವರಿಗೂ ತೆಗೆಯಲು ಬಾರದು. ತೆಗೆಯುವುದು ಪ್ರೈವೇಟ್ ಕೀ ಮಾತ್ರ, ಅದು ನನ್ನ ಹತ್ತಿರವೇ ಇರಬೇಕು. ಹಾಗಾದರೆ ಬೀಗಕ್ಕೂ ಕೀ ಅಂತ ಯಾಕೆ ಹೆಸರಿಟ್ಟರು? ಕೇಳಿದೆ. "ಅದು... ಹಾಗೇ" ಅಂದರು. ನೋಡು, ಅವರಿಗೂ ಗೊತ್ತಿಲ್ಲ!

"ಅಕ್ಕನ ಹತ್ರ ಇದ್ರೆ ಏನಾಯ್ತು? ನಮ್ಮಿಬ್ಬರಿಗೂ ಒಂದೇ ಬೀರು, ಒಂದೇ ಬೀಗದ ಕೈ ಇತ್ತು" ಅಂದೆ.

"ಯಾರಿಗೂ ಕೊಡಬಾರ್ದು ಕಣೇ."

"ನಿಮಗೂ?"

"ನನಗೂ."

ತಲೆ ಗಿರ್ರೆಂದಿತು. ಕೊಟ್ಟರೆ ಪ್ರೀತಿಯೋ, ಕೊಡದಿದ್ದರೆ ಪ್ರೀತಿಯೋ?

ಅಂತೂ ಆ ಕೀ ಅಳಿಸಿಬಿಡು. ಈ ವಿಷಯ ಮೇಲ್‌ನಲ್ಲಿ ಹೇಳಿದರೆ ಕಳ್ಳರ ಕಣ್ಣಿಗೆ ಬಿದ್ದೀತು, ಕಾಗದದಲ್ಲಿ ಬರೆ ಅಂತ ಇವರು ನನಗೆ ಅಂದರು. ಅದಕ್ಕೇ ಈ ಪತ್ರ. ಹೊಸ ಜೋಡಿ ಸಿದ್ಧವಾಗಿದೆ, ಈ ಸಲ ಬೀಗವನ್ನೇ ಕಳಿಸುತ್ತೇನೆ! ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಎಲ್ಲ ಒಳ್ಳೆಯದಾಗಲಿ. ನಿನ್ನ ಕೈ ಎಂದಿನಂತೆ ನನ್ನ ತಲೆಯ ಮೇಲಿರಲಿ.

ನಿನ್ನ,
ಗುಬ್ಬಿ

ಮತ್ತೆ: ಹೊಸ ಬೀಗ ಬೇಡ ಬಿಡು. ನಾನು ಕಳಿಸಿದ ಒಂದು ಮೇಲ್‌ಗೂ ನೀನು ಉತ್ತರ ಬರೆದಿಲ್ಲ. ಮದುವೆಯ ದಿನ ನನ್ನ ತಲೆ ಬಾಚಿದವಳು ನೀನು. ಫೋಟೋಗಳಲ್ಲಿ ಹುಡುಕಿದರೆ ಒಂದರಲ್ಲೂ ನೀನಿಲ್ಲ. "ದೊಡ್ಡವಳನ್ನ ಬಿಟ್ಟು ಚಿಕ್ಕವಳಿಗೆ ಮದುವೆ ಮಾಡಿದ್ರಲ್ಲ" ಅಂತ ಸೋದರತ್ತೆ ಅಂದದ್ದು ನನಗೂ ಕೇಳಿಸಿತ್ತು ಅಕ್ಕಾ. ನನ್ನ ಮೇಲೆ ಕೋಪವೇ? ಹೌದಾದರೆ ಹೌದು ಅಂತಲೇ ಒಂದು ಅಂಚೆ ಕಾರ್ಡಿನಲ್ಲಿ ಬರೆ. ಅಂಚೆಯವನು ಓದಿಕೊಂಡರೂ ಪರವಾಗಿಲ್ಲ.